ಅಜ್ಜಿಯ ಫೋಟೋ ಉಳಿಯಿತು, ಅಮ್ಮನ ಫೋಟೋ ಕೆಂಪಾಯಿತು

ಹಳೇ ಫೋಟೋಗಳಿರುವ ಯಾವ ಮನೆಯ ಬೀರು ತೆಗೆದರೂ ಇದನ್ನು ನೋಡಬಹುದು. 1955ರಲ್ಲಿ ಮದುವೆಯಾದ ಅಜ್ಜಿಯ ಫೋಟೋ ಇನ್ನೂ ಚೆನ್ನಾಗಿದೆ. ಸೀರೆಯ ಅಂಚು, ಮೂಗುತಿ, ಸ್ಟುಡಿಯೋ ಪರದೆಯ ಮಡಿಕೆ ಎಲ್ಲ ಸ್ಪಷ್ಟ. 1979ರಲ್ಲಿ ಮದುವೆಯಾದ ಅಮ್ಮನ ಕಲರ್ ಫೋಟೋ ಮಾತ್ರ ಪೂರ್ತಿ ಕೆಂಪಾಗಿದೆ. ಹಸಿರು ಸೀರೆ ಕಂದಾಗಿದೆ. ಮಾವಿನ ತೋರಣ ಒಣಗಿದ ಎಲೆಯ ಬಣ್ಣಕ್ಕೆ ಬಂದಿದೆ. ಇನ್ನು ಮೊಮ್ಮಗಳ ನಾಮಕರಣದ ಫೋಟೋಗಳಿದ್ದ ಫೋನ್ ಕೆಟ್ಟುಹೋಗಿ ಅವು ಇಲ್ಲವೇ ಇಲ್ಲ.

ಕಾರಣ ಕೇಳಿದರೆ "ಆಗಿನ ಕಾಲದ ಸಾಮಾನೇ ಗಟ್ಟಿ" ಅನ್ನುತ್ತಾರೆ. ಈ ಉತ್ತರ ಕೇಳಿದಾಗೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಗಟ್ಟಿತನ ಕಾಲದಿಂದ ಬರುವುದಿಲ್ಲ. ಆ ಚಿತ್ರ ಯಾವುದರಿಂದ ಆಗಿದೆ ಅಂತ ಕೇಳಬೇಕು. ಅಜ್ಜಿಯ ಚಿತ್ರ ಬೆಳ್ಳಿಯದು. ಅಮ್ಮನದು ಡೈ, ಅಂದರೆ ರಾಸಾಯನಿಕ ಬಣ್ಣದ್ದು. ಮೊಮ್ಮಗಳದು ಎಲೆಕ್ಟ್ರಾನುಗಳದು. ಮನೆಯ ನೆನಪುಗಳನ್ನು ಕಾಪಾಡೋದು ಹೇಗೆ ಅನ್ನುವುದಕ್ಕೆ ಉತ್ತರವೆಲ್ಲ ಇದರಲ್ಲೇ ಇದೆ.

ಕಪ್ಪು-ಬಿಳುಪು ಫೋಟೋದಲ್ಲಿ ಕಪ್ಪಾಗಿ ಕಾಣುವುದು ನಿಜಕ್ಕೂ ಬೆಳ್ಳಿ, ಕಾಲುಂಗುರದಲ್ಲಿರುವ ಅದೇ ಲೋಹ. ತೀರಾ ಸಣ್ಣ ಎಳೆಗಳಾಗಿ ಮುದುಡಿಕೊಂಡಾಗ ಅದು ಹೊಳೆಯುವುದಿಲ್ಲ. ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತದೆ. ಫಿಲ್ಮಿನ ಮೇಲೆ ಜೆಲಟಿನ್ ಎಂಬ ಅಂಟಿನಂಥ ವಸ್ತುವಿನ ಪದರದಲ್ಲಿ ಸಿಲ್ವರ್ ಬ್ರೋಮೈಡಿನ ಹರಳುಗಳಿರುತ್ತವೆ. ಒಂದೊಂದು ಹರಳಿನಲ್ಲೂ ಬೆಳ್ಳಿಯ ಅಯಾನುಗಳು, ಅಂದರೆ ಒಂದು ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳು, ಕೋಟಿಗಟ್ಟಲೆ. ಬೆಳಕು ಬಿದ್ದರೆ ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಅದು ಅಯಾನನ್ನು ಸೇರಿದರೆ ಒಂದು ಬೆಳ್ಳಿಯ ಪರಮಾಣು ಹುಟ್ಟುತ್ತದೆ. ಒಂದು ಹರಳಿನಲ್ಲಿ ಇಂಥ ನಾಲ್ಕೈದು ಪರಮಾಣುಗಳು ಒಂದೆಡೆ ಕೂಡಿದರೆ ಸಾಕು, ಚಿತ್ರ ಆಗಲೇ ಬಂದಿದೆ. ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಹಾಲಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಒಂದು ಚಮಚ ಮಜ್ಜಿಗೆ ಇಡೀ ಪಾತ್ರೆಯ ಹಾಲನ್ನು ಮೊಸರು ಮಾಡುತ್ತದೆ ಅಲ್ವಾ? ಹೆಪ್ಪು ಬೀಳದ ಪಕ್ಕದ ಪಾತ್ರೆ ಹಾಲಾಗಿಯೇ ಇರುತ್ತದೆ. ಇಲ್ಲಿ ಒಂದೊಂದು ಹರಳೂ ಒಂದೊಂದು ಪಾತ್ರೆ, ಆ ನಾಲ್ಕೈದು ಪರಮಾಣುಗಳೇ ಹೆಪ್ಪು. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಹೆಪ್ಪು ಬಿದ್ದ ಹರಳು ಇಡಿಯಾಗಿ ಬೆಳ್ಳಿಯಾಗುತ್ತದೆ, ಬೀಳದ್ದು ಹಾಗೇ ಉಳಿಯುತ್ತದೆ. ಬೆಳಕು ಮಾಡಿದ ಕೆಲಸ ಸುಮಾರು ನೂರು ಕೋಟಿ ಪಟ್ಟು ದೊಡ್ಡದಾಗುತ್ತದೆ! ಬೆಚ್ಚಗಿದ್ದರೆ ಮೊಸರು ಬೇಗ ಆಗುತ್ತದೆ, ಡೆವಲಪಿಂಗೂ ಅಷ್ಟೇ. ಜಾಸ್ತಿ ಹೊತ್ತು ಬಿಟ್ಟರೆ ಹೆಪ್ಪಿಲ್ಲದ ಹಾಲೂ ಕೆಡುತ್ತದೆ. ಡೆವಲಪರಿನಲ್ಲೂ ಹೆಚ್ಚು ಹೊತ್ತಿದ್ದರೆ ಬೆಳಕು ಕಾಣದ ಹರಳುಗಳು ಕಪ್ಪಾಗಿ ಚಿತ್ರ ಮಬ್ಬಾಗುತ್ತದೆ.

ಉಳಿದ ಹರಳುಗಳನ್ನು ತೆಗೆಯದಿದ್ದರೆ ಅವೂ ಬೆಳಕಿಗೆ ಕಪ್ಪಾಗುತ್ತವೆ. ಅವನ್ನು ಕರಗಿಸುವುದು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಹೈಪೋ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಇಂಗ್ಲೆಂಡಿನ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು. ಆಗ ಫೋಟೋಗ್ರಫಿಯೇ ಇರಲಿಲ್ಲ. 20 ವರ್ಷಗಳ ನಂತರ, 1839ರಲ್ಲಿ, ಆ ಹಳೆಯ ತಿಳಿವಳಿಕೆ ಚಿತ್ರಗಳು ಮಾಸದೆ ಉಳಿಯುವಂತೆ ಮಾಡಿತು.

ಆದರೆ ಹೈಪೋದಲ್ಲಿ ಗಂಧಕ ಇದೆ. ಸರಿಯಾಗಿ ತೊಳೆಯದಿದ್ದರೆ ಕಾಗದದಲ್ಲಿ ಉಳಿದ ಹೈಪೋ ನಿಧಾನವಾಗಿ ಬೆಳ್ಳಿಯನ್ನು ತಿಂದು ಹಳದಿ ಮಾಡುತ್ತದೆ. 1850ರ ದಶಕದಲ್ಲಿ ಫೋಟೋಗಳು ಒಂದೊಂದಾಗಿ ಮಾಸತೊಡಗಿದಾಗ ಜನ ಗಾಬರಿಯಾದರು. 1855ರಲ್ಲಿ ಲಂಡನ್ನಿನ ಫೋಟೋಗ್ರಫಿಕ್ ಸೊಸೈಟಿ ಇದಕ್ಕೆಂದೇ ಒಂದು ಸಮಿತಿ ಮಾಡಿತು. ತೊಳೆಯದೆ ಉಳಿದ ಹೈಪೋ, ತೇವ, ಗಂಧಕ ತುಂಬಿದ ಗಾಳಿ, ಇವೇ ಕಾರಣ ಎಂದು ಸಮಿತಿ ಹೇಳಿತು. ನಿಮ್ಮ ಮನೆಯ ಎರಡು ಹಳೇ ಫೋಟೋಗಳಲ್ಲಿ ಒಂದು ಹಳದಿಯಾಗಿ ಇನ್ನೊಂದು ಚೆನ್ನಾಗಿದ್ದರೆ, ಮೊದಲನೆಯದನ್ನು ಸ್ಟುಡಿಯೋದವರು ಅವಸರದಲ್ಲಿ ತೊಳೆದಿರುವ ಸಾಧ್ಯತೆ ಹೆಚ್ಚು.

ಚೆನ್ನಾಗಿ ತೊಳೆದರೆ ಬೆಳ್ಳಿ ಎಷ್ಟು ಕಾಲ ಇರುತ್ತದೆ? ಹಂಪಿಗೆ ಹೋಗೋಣ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿ ಫೋಟೋ ತೆಗೆದರು. ಮೇಣ ಸವರಿದ ಕಾಗದವೇ ನೆಗೆಟಿವ್. ಆ ನೆಗೆಟಿವ್‌ಗಳು ಉಳಿದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ 1856ರಲ್ಲಿ ಇಟ್ಟಿಗೆಯ ಶಿಖರ ಇತ್ತು! ಈಗ ಇಲ್ಲ. ನಾವು ನೋಟಿನ ಮೇಲೆ ನೋಡುವುದು ಶಿಖರ ಕಳೆದುಕೊಂಡ ರಥವನ್ನು. ಇದು ಇಷ್ಟು ಖಚಿತವಾಗಿ ಗೊತ್ತಾಗಿದ್ದು ಕಾಗದದೊಳಗೆ ಕೂತ ಬೆಳ್ಳಿಯಿಂದ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ. ಹಳೇ ಫೋಟೋ ಕಂದಾಗಿದ್ದರೆ ವಯಸ್ಸಾಗಿ ಹಾಗಾಯಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಬೇಕೆಂದೇ ಮಾಡಿದ್ದು. ಬೆಳ್ಳಿಯನ್ನು ಸಿಲ್ವರ್ ಸಲ್ಫೈಡ್ ಆಗಿ ಬದಲಾಯಿಸಿದರೆ ಕಂದು ಬಣ್ಣ ಬರುತ್ತದೆ, ಬಾಳಿಕೆಯೂ ಹೆಚ್ಚುತ್ತದೆ. ಅದೇ ಸೆಪಿಯಾ. ಫೋನಿನಲ್ಲಿ ಈಗ ಹಳೇ ಕಾಲದ ಕಳೆಗೆಂದು ಹಾಕುವ ಆ ಬಣ್ಣ ಆಗ ಫೋಟೋಗೆ ಕೊಟ್ಟ ರಕ್ಷಣೆಯೂ ಆಗಿತ್ತು.

ಈಗ ಅಮ್ಮನ ಫೋಟೋ. ಕಲರ್ ಪ್ರಿಂಟಿನಲ್ಲೂ ಮೊದಲು ಬೆಳ್ಳಿಯೇ ಚಿತ್ರ ಮಾಡುತ್ತದೆ. ಬೆಳ್ಳಿ ಹುಟ್ಟಿದಲ್ಲೆಲ್ಲ ಅದರ ಪಕ್ಕದಲ್ಲಿ ಡೈ ಹುಟ್ಟುತ್ತದೆ. ಮೂರು ಪದರ, ಮೂರು ಡೈ: ಹಳದಿ, ಮೆಜೆಂಟಾ ಎಂಬ ಕಡು ಗುಲಾಬಿ ಮತ್ತು ಸಯಾನ್ ಎಂಬ ಹಸಿರು ಬೆರೆತ ನೀಲಿ. ಆಮೇಲೆ ಬೆಳ್ಳಿಯನ್ನೆಲ್ಲ ಕರಗಿಸಿ ತೆಗೆದುಬಿಡುತ್ತಾರೆ. ಗಟ್ಟಿಯಾದದ್ದು ಹೋಗಿ ಸೂಕ್ಷ್ಮವಾದ ಸಾವಯವ ಅಣುಗಳು ಮಾತ್ರ ಉಳಿಯುತ್ತವೆ. 1970ರ ದಶಕದ ಕಾಗದಗಳಲ್ಲಿ ಸಯಾನ್ ಡೈ ತೀರಾ ದುರ್ಬಲವಾಗಿತ್ತು. ಸಯಾನ್ ಹೋದರೆ ಉಳಿಯುವುದು ಮೆಜೆಂಟಾ ಮತ್ತು ಹಳದಿ. ಎರಡೂ ಸೇರಿದರೆ ಕೆಂಪು. ಹಸಿರು ಆಗುವುದೇ ಸಯಾನ್ ಮತ್ತು ಹಳದಿ ಸೇರಿ. ಹಾಗಾಗಿ ಮೊದಲು ಕೆಟ್ಟಿದ್ದು ಅಮ್ಮನ ಹಸಿರು ಸೀರೆ.

"ಬಿಸಿಲಿಗೆ ಇಟ್ಟಿರಲಿಲ್ಲ, ಬೀರುವಿನಲ್ಲೇ ಇತ್ತು" ಅನ್ನುತ್ತಾರೆ. ನಿಜ. ಆದರೆ ಈ ಡೈ ಕತ್ತಲಲ್ಲೂ ಒಡೆಯುತ್ತದೆ. ಒಡೆಯಲು ಬೇಕಾದ್ದು ಶಾಖ ಮತ್ತು ತೇವ. ಸ್ಥೂಲವಾಗಿ ಹೇಳಿದರೆ, ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಎರಡು ಪಟ್ಟು ಅಥವಾ ಇನ್ನೂ ಹೆಚ್ಚಾಗುತ್ತದೆ. ಅಮೆರಿಕದ ಬೆಟ್‌ಮನ್ ಫೋಟೋ ಸಂಗ್ರಹವನ್ನು ಪೆನ್ಸಿಲ್ವೇನಿಯಾದ ಹಳೇ ಸುಣ್ಣದಕಲ್ಲಿನ ಗಣಿಯೊಳಗೆ ತಣ್ಣನೆ ಕೋಣೆ ಕಟ್ಟಿ ಇಟ್ಟಿರುವುದು ಇದೇ ಕಾರಣಕ್ಕೆ. ನಾವು ಏನು ಮಾಡುತ್ತೇವೆ? ಹಳೇ ಆಲ್ಬಂಗಳನ್ನು ಅಟ್ಟಕ್ಕೆ ಹಾಕುತ್ತೇವೆ, ಹೆಂಚಿನ ಕೆಳಗೆ. ಬೇಸಿಗೆಯಲ್ಲಿ ಸುಡುತ್ತದೆ, ಮಳೆಗಾಲದಲ್ಲಿ ಒದ್ದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಟ್ಟಕ್ಕಿಂತ ಕೆಟ್ಟ ಜಾಗ ಫೋಟೋಗೆ ಇನ್ನೊಂದಿಲ್ಲ. ಜೆಲಟಿನ್ ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದ ಪ್ರೋಟೀನು. ಅದು ಬೂಷ್ಟಿಗೆ ಊಟ.

ಮನೆಯ ಒಳಗೋಡೆಗೆ ತಾಗಿದ ಕಬ್ಬಿಣದ ಬೀರು ಒಳ್ಳೆಯದು. ಮರದ ಪೆಟ್ಟಿಗೆ ನೋಡಲು ಚೆಂದ, ಆದರೆ ಮರ ಆಮ್ಲದ ಆವಿ ಬಿಡುತ್ತಿರುತ್ತದೆ. ಹಬ್ಬಕ್ಕೆ ಮನೆಗೆ ಆಯಿಲ್ ಪೇಂಟ್ ಹೊಡೆಸುವಾಗ ಕಪ್ಪು-ಬಿಳುಪು ಫೋಟೋಗಳನ್ನು ಬೇರೆ ಕಡೆ ಸಾಗಿಸಿ. ಹಸಿ ಬಣ್ಣದಿಂದ ಬರುವ ಪೆರಾಕ್ಸೈಡುಗಳು ಬೆಳ್ಳಿಯನ್ನು ಕೆಡಿಸುತ್ತವೆ.

ನಾವೇ ಪ್ರೀತಿಯಿಂದ ಮಾಡುವ ಅನಾಹುತಗಳೂ ಇವೆ. ಮೊದಲನೆಯದು ಲ್ಯಾಮಿನೇಷನ್. ಮಾರ್ಕ್ಸ್ ಕಾರ್ಡಿಗೆ ಮಾಡಿಸುವಂತೆ ಅಜ್ಜನ ಒಂದೇ ಒಂದು ಫೋಟೋಗೂ ಬಿಸಿ ಪ್ಲಾಸ್ಟಿಕ್ ಹೊದಿಸುತ್ತಾರೆ. ಶಾಖ ಫೋಟೋವನ್ನು ಕೆಡಿಸುತ್ತದೆ, ಅಂಟು ಅದಕ್ಕೇ ಹಿಡಿದುಕೊಳ್ಳುತ್ತದೆ. ಮತ್ತೆ ಬಿಡಿಸಲು ಆಗುವುದಿಲ್ಲ. ದಯವಿಟ್ಟು ಮಾಡಿಸಬೇಡಿ. ಎರಡನೆಯದು ಅಂಟಿನ ಗೆರೆಗಳ ಮೇಲೆ ಫೋಟೋ ಇಟ್ಟು ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಂ. 1980ರ ದಶಕದಲ್ಲಿ ಎಲ್ಲರ ಮನೆಗೂ ಬಂತು. ಅದರ ರಟ್ಟಿನಲ್ಲಿ ಆಮ್ಲ ಇರುತ್ತದೆ, ಅಂಟು ಹಳದಿಯಾಗುತ್ತದೆ, ಪಿವಿಸಿ ಹಾಳೆ ಕೆಡುತ್ತಾ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಕಪ್ಪು ಹಾಳೆಗೆ ಮೂಲೆ ಸಿಕ್ಕಿಸಿ ಫೋಟೋ ಕೂರಿಸುತ್ತಿದ್ದ ಅಜ್ಜನ ಕಾಲದ ಆಲ್ಬಂ ಇದಕ್ಕಿಂತ ಎಷ್ಟೋ ವಾಸಿ. ಅಂಟಿದ ಫೋಟೋವನ್ನು ಎಳೆಯಬೇಡಿ. ಹಲ್ಲು ಶುಚಿ ಮಾಡುವ, ಮೇಣವಿಲ್ಲದ ದಾರವನ್ನು ಫೋಟೋದ ಕೆಳಗೆ ತೂರಿಸಿ ನಿಧಾನವಾಗಿ ಆಚೀಚೆ ಆಡಿಸಿದರೆ ಬಹಳಷ್ಟು ಸಲ ಬಿಡುತ್ತದೆ.

ಮೂರನೆಯದು ಗೋಡೆಯ ಫ್ರೇಮು. ತೀರಿಕೊಂಡ ಹಿರಿಯರ ಫೋಟೋಗೆ ಹಾರ ಹಾಕಿ, ಗಾಜಿಗೆ ಕುಂಕುಮ ಇಟ್ಟು, ಕೆಳಗೆ ದೀಪ ಹಚ್ಚುತ್ತೇವೆ. ಗೌರವ ದೊಡ್ಡದು, ಬೇಡ ಅನ್ನುವುದಿಲ್ಲ. ಆದರೆ ಒದ್ದೆ ಹಾರದ ನೀರು ಒಳಗಿಳಿದರೆ ಜೆಲಟಿನ್ ಉಬ್ಬಿ ಗಾಜಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಮುಖ ಗಾಜಿನ ಜೊತೆಗೇ ಕಿತ್ತುಬರುತ್ತದೆ. ಗೋಡೆಗೆ ನಕಲು ಪ್ರಿಂಟ್ ಹಾಕಿ. ಅಸಲು ಬೀರುವಿನಲ್ಲಿರಲಿ.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ತೆಗೆಯದೇ ಹೋದ ಫೋಟೋಗಳು. ಮೂವರು ಒಟ್ಟಿಗೆ ನಿಂತರೆ ನಡುವಿನವರಿಗೆ ಕೇಡು, ಫೋಟೋ ತೆಗೆಸಿದರೆ ಆಯಸ್ಸು ಕಡಿಮೆ, ಹಸುಗೂಸಿನ ಫೋಟೋ ತೆಗೆದರೆ ದೃಷ್ಟಿಯಾಗುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ಕ್ಯಾಮೆರಾ ನಿಮ್ಮಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ನಿಮ್ಮ ಮೈಮೇಲೆ ಬಿದ್ದು ಹೇಗೂ ನಾಲ್ಕು ದಿಕ್ಕಿಗೆ ಚದುರುತ್ತಿದ್ದ ಬೆಳಕಿನ ಒಂದಿಷ್ಟನ್ನು ಹಿಡಿಯುತ್ತದೆ, ಅಷ್ಟೇ. ನೀವು ಬಿಸಿಲಲ್ಲಿ ನಿಂತಾಗ ಅದೇ ಬೆಳಕು ಎದುರಿನ ಗೋಡೆಗೂ ಹೋಗುತ್ತಿರುತ್ತದೆ. ಈ ಭಯದಿಂದ ಎಷ್ಟು ಅಜ್ಜಿಯರ, ಎಷ್ಟು ಎಳೆ ಮಕ್ಕಳ ಒಂದು ಚಿತ್ರವೂ ಉಳಿಯಲಿಲ್ಲ! ಅದನ್ನು ಯಾವ ರಸಾಯನಶಾಸ್ತ್ರವೂ ಸರಿಮಾಡಲಾರದು.

ಇನ್ನು ಫೋನು. "ಡಿಜಿಟಲ್ ಅಲ್ವಾ, ಕೆಡೋದಿಲ್ಲ" ಅನ್ನುವ ನಂಬಿಕೆ ಬಲವಾಗಿದೆ. ಫೋನ್, ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ಚಿತ್ರ ಅಂದರೆ ತೆಳುವಾದ ನಿರೋಧಕ ಪದರಗಳ ನಡುವೆ ಕೂಡಿಹಾಕಿದ ಎಲೆಕ್ಟ್ರಾನುಗಳು. ವಿದ್ಯುತ್ ಕೊಡದೆ ವರ್ಷಗಟ್ಟಲೆ ಸುಮ್ನೆ ಇಟ್ಟರೆ ಅವು ಸೋರುತ್ತವೆ. ಶಾಖದಲ್ಲಿ ಇನ್ನೂ ಬೇಗ. ಸೋರಿಕೆಗಿಂತ ದೊಡ್ಡ ತೊಂದರೆ ಕೆಡುವ ರೀತಿಯದು. ಅಜ್ಜಿಯ ಫೋಟೋ ಅರ್ಧ ಮಾಸಿದರೂ ಅಜ್ಜಿ ಅಂತ ಗೊತ್ತಾಗುತ್ತದೆ. ಫೋನು ಫೋಟೋ ಉಳಿಸುವ ಜೆಪೆಗ್ ಫೈಲಿನ ತಲೆಭಾಗದಲ್ಲಿ ಕೆಲವೇ ಅಕ್ಷರ ಕೆಟ್ಟರೂ ಫೈಲು ತೆರೆಯದೇ ಹೋಗಬಹುದು.

ಹಾಗಂತ ಡಿಜಿಟಲ್ ಬೇಡ ಅನ್ನುತ್ತಿಲ್ಲ. ಅದಕ್ಕೆ ಬೆಳ್ಳಿಗಿಲ್ಲದ ಒಂದು ಶಕ್ತಿ ಇದೆ: ನಕಲು ಅಸಲಿನಷ್ಟೇ ಚೆನ್ನಾಗಿರುತ್ತದೆ. ಕಾಪಿ ಮಾಡಿದಷ್ಟೂ ಫೋಟೋ ಹಾಳಾಗುತ್ತದೆ ಅನ್ನುವುದು ಸುಳ್ಳು. ಎಡಿಟ್ ಮಾಡಿ ಮತ್ತೆ ಮತ್ತೆ ಸೇವ್ ಮಾಡಿದರೆ ಮಾತ್ರ ಗುಣ ಇಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಎರಡು ಬೇರೆ ಮನೆಗಳಲ್ಲಿ ಪ್ರತಿ ಇರಲಿ, ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಸಾಗಿಸಿ.

ಮತ್ತು ಪ್ರಿಂಟ್ ಹಾಕಿಸಿ. ಎಲ್ಲವನ್ನೂ ಅಲ್ಲ, ತಿಂಗಳಿಗೆ ಐದಾರು ಸಾಕು. ಲ್ಯಾಬಿನಲ್ಲಿ ಫೋಟೋ ಕಾಗದದ ಮೇಲೆ ಹಾಕುವ ಈಗಿನ ಪ್ರಿಂಟಿನ ಡೈ 1979ರದ್ದಕ್ಕಿಂತ ಬಹಳ ಸುಧಾರಿಸಿದೆ. ಮನೆಯ ಇಂಕ್‌ಜೆಟ್ ಆದರೆ ಪಿಗ್ಮೆಂಟ್ ಇಂಕು, ಅಂದರೆ ಕರಗದ ಬಣ್ಣದ ಕಣಗಳಿರುವ ಇಂಕು, ಇದೆಯಾ ಕೇಳಿ. ಅಗ್ಗದ ಡೈ ಇಂಕನ್ನು ಗಾಳಿಯಲ್ಲಿರುವ ಓಝೋನ್ ಕೂಡ ಕೆಡಿಸುತ್ತದೆ. ಮದುವೆಯ ಕರಿಷ್ಮಾ ಆಲ್ಬಂಗೆ ಸಾವಿರಾರು ರೂಪಾಯಿ ಕೊಡುತ್ತೇವೆ. ಅದರಲ್ಲಿ ಎಲ್ಲರೂ ಒಂದೇ ಥರ ನಿಂತಿರುತ್ತಾರೆ. ಅಡುಗೆಮನೆಯ ಒರಳು, ಜಗಲಿಯ ಮೇಲೆ ಪೇಪರ್ ಓದುವ ಅಪ್ಪ, ಬಟ್ಟೆ ಒಣಗಿದ ಹಿತ್ತಲು ಯಾವ ಆಲ್ಬಂನಲ್ಲೂ ಇರುವುದಿಲ್ಲ. 1856ರ ರಥಕ್ಕೆ ಶಿಖರ ಇತ್ತು ಅಂತ ನಮಗೆ ಗೊತ್ತಾಗಿದ್ದು ಯಾರೋ ಇದ್ದದ್ದನ್ನು ಇದ್ದಂತೆ ಹಿಡಿದಿದ್ದರಿಂದ. ಮನೆಯೂ ಬದಲಾಗುತ್ತದೆ, ಗಮನಕ್ಕೆ ಬರದಷ್ಟು ನಿಧಾನವಾಗಿ.

ಕೊನೆಗೆ ಬರವಣಿಗೆ. ಹಳೇ ಕಾಗದದ ಪ್ರಿಂಟಿನ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ, ಅಂಚಿನ ಹತ್ತಿರ, ಒತ್ತದೆ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಗುರುತು ಮುಂದಕ್ಕೆ ಮೂಡುತ್ತದೆ. ಈಗಿನ ಪ್ರಿಂಟಿನ ಹಿಂಭಾಗ ಪ್ಲಾಸ್ಟಿಕ್, ಪೆನ್ಸಿಲ್ ಹಿಡಿಯುವುದಿಲ್ಲ. ಆಲ್ಬಂ ಹಾಳೆಯ ಮೇಲೆ, ಫೋಟೋದ ಪಕ್ಕದಲ್ಲೇ ಬರೆಯಿರಿ. "ಅಮ್ಮ", "ದೊಡ್ಡಪ್ಪ" ಅಂತ ಬೇಡ, ಪೂರ್ತಿ ಹೆಸರು ಬರೆಯಿರಿ. ಊರು, ವರ್ಷ, ಎಡದಿಂದ ಬಲಕ್ಕೆ ಯಾರು ಯಾರು ಅನ್ನುವುದೂ ಇರಲಿ. ಹೆಸರು ಗೊತ್ತಿರುವ ಹಿರಿಯರು ಮನೆಯಲ್ಲಿದ್ದರೆ ಈ ಭಾನುವಾರವೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.