ಕಪ್ಪು ಪಾಪೆಯ ಹಿಂದೆ

ಕಣ್ಣಿನ ಪಾಪೆ ಕಪ್ಪಗೆ ಯಾಕಿದೆ? ಅದು ಬರೀ ಒಂದು ತೂತು. ಅದರ ಹಿಂದಿರುವ ಲೆನ್ಸು, ಲೋಳೆ ಎಲ್ಲವೂ ತಿಳಿಯಾಗಿವೆ. ಒಳಗೋಡೆಗೆ ಅಂಟಿಕೊಂಡ, ಬೆಳಕನ್ನು ಹಿಡಿಯುವ ಪರದೆಯಾದ ರೆಟಿನಾದ ಕಡೆಯಿಂದ ಕೆಂಪು ಕಿತ್ತಳೆ ಬಣ್ಣ ಬರುತ್ತದೆ. ಅಂದಮೇಲೆ ಆ ಕೆಂಪು ನಮಗೆ ಕಾಣಬೇಕಿತ್ತು, ಅಲ್ವಾ?

ಅಡ್ಡ ಬರುವುದು ನಮ್ಮ ತಲೆಯೇ. ಕಣ್ಣೊಳಗೆ ಹೋದ ಬೆಳಕು ಹೆಚ್ಚುಕಡಿಮೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಅದನ್ನು ನೋಡಲು ಆ ದಾರಿಯಲ್ಲಿ ನಿಂತರೆ ಒಳಗೆ ಹೋಗುವ ಬೆಳಕನ್ನೇ ತಡೆದಂತಾಯಿತು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಗಾಜನ್ನು ಓರೆಯಾಗಿ ಹಿಡಿದು, ಪಕ್ಕದ ದೀಪದ ಬೆಳಕನ್ನು ಅದರಿಂದ ಕಣ್ಣೊಳಗೆ ತಿರುಗಿಸಿ, ಅದೇ ಗಾಜಿನ ಹಿಂದಿನಿಂದ ಇಣುಕಿದರೆ ಆಯಿತು. ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಪಾಪೆ ಕೆಂಪಗೆ ಬರುತ್ತದಲ್ಲ, ಅದೂ ಇದೇ ಕತೆ. ಫ್ಲ್ಯಾಶು ಲೆನ್ಸಿಗೆ ತೀರಾ ಹತ್ತಿರ ಇರುವುದರಿಂದ ವಾಪಸ್ ಬಂದ ಬೆಳಕು ಸೀದಾ ಕ್ಯಾಮೆರಾಕ್ಕೆ ಸಿಗುತ್ತದೆ.

ಹೀಗೆ ಇಣುಕುವುದು ಯಾಕೆ ಮುಖ್ಯವೆಂದರೆ, ರೆಟಿನಾ ಹಾಳಾಗುವಾಗ ನೋಯುವುದಿಲ್ಲ. ಕಣ್ಣಲ್ಲಿ ಕಸ ಬಿದ್ದರೆ ಕುಣಿದಾಡುವ ನಾವು ಹಿಂದುಗಡೆ ರಕ್ತ ಜಿನುಗಿದರೂ ಸುಮ್ನೆ ಟಿವಿ ನೋಡುತ್ತಾ ಕೂತಿರುತ್ತೇವೆ. ಸಕ್ಕರೆ ಕಾಯಿಲೆ ಇರುವವರ ರೆಟಿನಾದ ಫೋಟೋ ತೆಗೆದರೆ ಸಣ್ಣ ನಾಳಗಳ ಗೋಡೆ ಉಬ್ಬಿ ಆದ ಕೆಂಪು ಚುಕ್ಕಿಗಳು, ಜಿಡ್ಡು ಸೋರಿ ನಿಂತ ಹಳದಿ ಕಲೆಗಳು ಕಾಣಬಹುದು. ಆ ಹೊತ್ತಿಗೆ ಅವರು ಬೋರ್ಡಿನ ಕೊನೆಯ ಸಾಲನ್ನೂ ಸಲೀಸಾಗಿ ಓದುತ್ತಿರಬಹುದು.

ನಾಳ ಎಲ್ಲಿ ಸೋರುತ್ತಿದೆ ಎಂದು ತಿಳಿಯಲು ತೋಳಿನ ರಕ್ತನಾಳಕ್ಕೆ ಫ್ಲೋರೆಸಿನ್ ಎಂಬ ಬಣ್ಣ ಚುಚ್ಚಿ, ಅದು ಕಣ್ಣಿಗೆ ಹರಿದು ಬರುವಾಗ ಸಾಲಾಗಿ ಫೋಟೋ ತೆಗೆಯುತ್ತಾರೆ. ಈ ವಿಧಾನ ಕೊಟ್ಟವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ನೊವಾಟ್ನಿ ಮತ್ತು ಆಲ್ವಿಸ್. ಚುಚ್ಚಿಸಿಕೊಂಡದ್ದು ಆಲ್ವಿಸ್. ಅವರ ಬರಹವನ್ನು ಕಣ್ಣಿನ ಪತ್ರಿಕೆ ಬೇಡವೆಂದಿತು. ಕೊನೆಗೆ 1961ರಲ್ಲಿ ಅದನ್ನು ಅಚ್ಚು ಹಾಕಿದ್ದು ಹೃದಯ, ರಕ್ತಸಂಚಾರದ ಪತ್ರಿಕೆ!

ಆದರೂ ಇವೆಲ್ಲ ಮೇಲಿನಿಂದ ತೆಗೆದ ಚಿತ್ರಗಳು. ಹೊಲವನ್ನು ಮರದ ಮೇಲಿನಿಂದ ನೋಡಿದ ಹಾಗೆ. ಮಣ್ಣಿನ ಪದರ ನೋಡಬೇಕಾದರೆ ಗುಂಡಿ ತೋಡಬೇಕು, ರೆಟಿನಾವನ್ನು ತೋಡುವುದು ಹೇಗೆ? ಅದರ ದಪ್ಪವೇ ಸುಮಾರು ಕಾಲು ಮಿಲಿಮೀಟರ್. ಅಷ್ಟರಲ್ಲೇ ಹತ್ತು ಪದರ.

ಇದಕ್ಕೆ ಬಂದದ್ದು ಓಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಬೆಳಕಿನಿಂದಲೇ ಒಳಪದರಗಳ ಚಿತ್ರ ತೆಗೆಯುವ ವಿಧಾನ. ಬಾವಲಿ ಕೂಗಿ ಪ್ರತಿಧ್ವನಿ ಕೇಳುವಂತೆ ಇಲ್ಲಿ ಬೆಳಕಿನ ಪ್ರತಿಧ್ವನಿ ಹಿಡಿಯುತ್ತಾರೆ. ಮೇಲಿನ ಪದರಕ್ಕೆ ತಾಗಿದ ಬೆಳಕು ಬೇಗ ಬರುತ್ತದೆ, ಕೆಳಗಿನದು ತಡವಾಗಿ. ಆದರೆ ಹತ್ತು ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಅಂತರಕ್ಕೆ ಆಗುವ ತಡ ಎಷ್ಟು ಗೊತ್ತಾ? ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಚೂರು ಮಾಡಿದರೆ ಸುಮಾರು ಒಂದು ಚೂರಿನಷ್ಟು. ಯಾವ ಎಲೆಕ್ಟ್ರಾನಿಕ್ ಗಡಿಯಾರವೂ ಇದನ್ನು ನೇರವಾಗಿ ಅಳೆಯಲಾರದು. ಆದ್ದರಿಂದ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಕಣ್ಣಿಗೂ ಇನ್ನೊಂದನ್ನು ಒಂದು ಕನ್ನಡಿಗೂ ಕಳಿಸಿ, ವಾಪಸ್ ಬಂದಾಗ ಕೂಡಿಸುತ್ತಾರೆ. ಇಬ್ಬರೂ ನಡೆದ ದೂರ ಸಮವಾಗಿದ್ದರೆ ಮಾತ್ರ ಅಲೆಗಳು ಜೋಡಿಯಾಗಿ ಗುರುತು ಬೀಳುತ್ತದೆ. ಕನ್ನಡಿಯ ದೂರ ಗೊತ್ತಿದೆ, ಹಾಗಾಗಿ ಪದರದ ಆಳವೂ ಗೊತ್ತಾಯಿತು. ಗಡಿಯಾರದ ಕೆಲಸವನ್ನು ಅಳತೆಪಟ್ಟಿಗೆ ಒಪ್ಪಿಸಿದ ಈ ಜಾಣತನ ನನಗೆ ಇವತ್ತಿಗೂ ಸೋಜಿಗ. ಈಗಿನ ಯಂತ್ರಗಳಲ್ಲಿ ಕನ್ನಡಿ ಅಲುಗಾಡುವುದೂ ಇಲ್ಲ, ಬೇರೆ ಬೇರೆ ತರಂಗಗಳ ಏರಿಳಿತವನ್ನು ಓದಿ ಎಲ್ಲ ಆಳವನ್ನೂ ಒಟ್ಟಿಗೇ ಲೆಕ್ಕ ಹಾಕುತ್ತವೆ. 1991ರಲ್ಲಿ ಮೊದಲು ವರದಿಯಾದ ಈ ಕೆಲಸಕ್ಕಾಗಿ ಫುಜಿಮೊಟೊ, ಹುವಾಂಗ್, ಸ್ವಾನ್ಸನ್ ಮೂವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ 2023ರಲ್ಲಿ ಸಿಕ್ಕಿತು.

ಪರೀಕ್ಷೆ ಮಾತ್ರ ತೀರಾ ಸರಳ. ಗಲ್ಲವನ್ನು ಪಟ್ಟಿಯ ಮೇಲಿಟ್ಟು, ಒಳಗೆ ಹೊಳೆಯುವ ಗುರುತನ್ನೇ ನೋಡುತ್ತಾ ಕೆಲವು ಸೆಕೆಂಡು ಅಲ್ಲಾಡದೆ ಕೂತರೆ ಮುಗಿಯಿತು. ಪರದೆಯ ಮೇಲೆ ಪದರ ಪದರವಾಗಿ ಚಿತ್ರ ಮೂಡುತ್ತದೆ. ನಡುವೆ ಒಂದು ಸಣ್ಣ ತಗ್ಗು. ನೀವು ಈ ಸಾಲನ್ನು ಓದುತ್ತಿರುವುದು ಆ ತಗ್ಗಿನಿಂದಲೇ. ಅಲ್ಲಿ ನೀರು ತುಂಬಿದ್ದರೆ ಕಪ್ಪು ಗುಳ್ಳೆಗಳು ಕಾಣುತ್ತವೆ, ತಗ್ಗು ಹೋಗಿ ದಿಬ್ಬವಾಗಿರುತ್ತದೆ.

ಗ್ಲಾಕೋಮಾ ಎಂಬ ಕಣ್ಣಿನ ರೋಗದಲ್ಲಿ ಕತೆ ಬೇರೆ. ಅಲ್ಲಿ ಸವೆಯುವುದು ಕಣ್ಣಿನಿಂದ ಮಿದುಳಿಗೆ ಹೋಗುವ ಆಪ್ಟಿಕ್ ನರದ ಎಳೆಗಳು. ಒಂದು ಕಣ್ಣಿಗೆ ಸುಮಾರು ಹತ್ತು ಲಕ್ಷಕ್ಕಿಂತ ಜಾಸ್ತಿ ಎಳೆಗಳಿವೆ. ಅಂಚಿನ ನೋಟ ಮೊದಲು ಹೋಗುತ್ತದೆ, ಖಾಲಿ ಜಾಗವನ್ನು ಮಿದುಳೇ ತೇಪೆ ಹಚ್ಚಿಬಿಡುತ್ತದೆ. ಹೋದದ್ದು ಮರಳಿ ಬರುವುದಿಲ್ಲ. ಓಸಿಟಿ ಆ ಎಳೆಗಳ ಪದರದ ದಪ್ಪ ಅಳೆದು, ಆರೋಗ್ಯವಂತರ ಅಳತೆಗೆ ಹೋಲಿಸಿ, ಹಸಿರು, ಹಳದಿ, ಕೆಂಪು ಬಣ್ಣ ಕೊಡುತ್ತದೆ. ಇಲ್ಲೇ ಎಡವಟ್ಟೂ ಇದೆ. ಜಾಸ್ತಿ ಮೈನಸ್ ಪವರ್ ಇರುವವರ ಕಣ್ಣು ಉದ್ದ. ಅವರಿಗೆ ರೋಗವಿಲ್ಲದೆಯೂ ಕೆಂಪು ಬರಬಹುದು. ಕಣ್ಣಿನ ವೈದ್ಯರು ಇದನ್ನು 'ರೆಡ್ ಡಿಸೀಸ್' ಎಂದು ತಮಾಷೆ ಮಾಡುತ್ತಾರೆ. ರೋಗ ಇರುವುದು ಪ್ರಿಂಟಿನಲ್ಲಿ, ಕಣ್ಣಿನಲ್ಲಲ್ಲ! ನನ್ನ ಕೇಳಿದರೆ ಒಂದು ಬಣ್ಣದ ಹಾಳೆಗಿಂತ ಅದೇ ಕಣ್ಣಿನ ಹಳೆಯ ಹಾಳೆಗಳ ಕಟ್ಟಿಗೆ ಬೆಲೆ ಜಾಸ್ತಿ. ಹೋದ ವರ್ಷಕ್ಕಿಂತ ತೆಳುವಾಗಿದೆಯೇ ಎಂಬುದೇ ಪ್ರಶ್ನೆ.

ಈಚೆಗೆ ಚಿತ್ರ ಓದುವ ಕೆಲಸಕ್ಕೆ ಕಂಪ್ಯೂಟರೂ ಬಂದಿದೆ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ವೈದ್ಯರ ನೆರವಿಲ್ಲದೆ ಸಕ್ಕರೆ ಕಾಯಿಲೆಯ ಕಣ್ಣಿನ ತೊಂದರೆ ಗುರುತಿಸುವ ಒಂದು ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಗೂಗಲ್‌ನ ಸಂಶೋಧಕರು ಇನ್ನೊಂದು ವಿಚಿತ್ರ ಹೇಳಿದರು. ರೆಟಿನಾದ ಫೋಟೋ ಒಂದನ್ನೇ ನೋಡಿ ಅವರ ಕಂಪ್ಯೂಟರು ಇದು ಗಂಡಸಿನ ಕಣ್ಣೋ ಹೆಂಗಸಿನದೋ ಎಂದು ಬಹುಪಾಲು ಸರಿಯಾಗಿ ಹೇಳುತ್ತಿತ್ತು. ಅಲ್ಲಿಯವರೆಗೆ ಲಕ್ಷಗಟ್ಟಲೆ ರೆಟಿನಾ ನೋಡಿದ್ದ ಕಣ್ಣಿನ ವೈದ್ಯರಿಗೂ ಫೋಟೋದಲ್ಲಿ ಅಂಥ ವ್ಯತ್ಯಾಸ ಗುರುತಿಸಲು ಬರುತ್ತಿರಲಿಲ್ಲ.