ಮೀನು ದೃಷ್ಟಿ ತಗೊಂಡು ಹೋಗಲಿಲ್ಲ, ಅತ್ತಿಗೆ

ಯುಗಾದಿ ಆಗಿ ಮೂರನೇ ದಿನ. ಬೆಳಿಗ್ಗೆ ಏಳಕ್ಕೇ ಅತ್ತಿಗೆ ಫೋನ್ ಮಾಡಿದರು. "ಗೋಲ್ಡ್ ಫಿಶ್ ಎರಡೂ ಸತ್ತು ತೇಲ್ತಾ ಅದಾವಪ್ಪಾ. ಹೋಗ್ಲಿ ಬಿಡು, ಮನಿ ಮ್ಯಾಲಿನ ದೃಷ್ಟಿ ತಗೊಂಡು ಹೋದ್ವು." ದನಿಯಲ್ಲಿ ಬೇಜಾರಿಗಿಂತ ಸಮಾಧಾನವೇ ಜಾಸ್ತಿ ಇತ್ತು.

"ತೊಟ್ಟಿ ಯಾವಾಗ ತೊಳೆದ್ರಿ?" ಅಂತ ಕೇಳಿದೆ.

"ಹಬ್ಬದ ಹಿಂದಿನ ದಿನಾನೇ. ನೀರೆಲ್ಲಾ ಚೆಲ್ಲಿ, ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲಾ ತಿಕ್ಕಿ ತೊಳೆದು, ತಾರಸಿ ಮ್ಯಾಲೆ ಒಣಗಿಸಿ ಹಾಕೀನಿ. ಪಳಪಳ ಹೊಳೀತಿತ್ತು."

ಸಾವಿನ ಕಾರಣ ಅಲ್ಲೇ ಸಿಕ್ಕಿತು. ದಾವಣಗೆರೆಯ ಯುಗಾದಿ ಬಿಸಿಲು ಗೊತ್ತಲ್ಲ. ಸ್ಪಂಜಿನ ಜೊತೆ ಅದರೊಳಗೆ ಸಂಸಾರ ಹೂಡಿದ್ದ ಕೋಟ್ಯಂತರ ಬ್ಯಾಕ್ಟೀರಿಯಾಗಳೂ ಒಣಗಿ ಹೋದವು. ಮೂರೇ ದಿನಕ್ಕೆ ಮೀನುಗಳು ತಾವೇ ಬಿಟ್ಟ ಹೊಲಸಿನಲ್ಲಿ ಉಸಿರು ಕಟ್ಟಿ ಸತ್ತವು.

ಒಂದು ಮಾತು ಹೇಳಿಬಿಡುತ್ತೇನೆ, ಯಾರೂ ಬೇಜಾರು ಮಾಡ್ಕೋಬಾರದು. ಎಂಟು ಕೆಂಪು, ಒಂದು ಕಪ್ಪು ಗೋಲ್ಡ್ ಫಿಶ್ ಇಟ್ಟರೆ ಮನೆಗೆ ಶುಭ, ಅವು ಸತ್ತರೆ ಕಂಟಕ ಕಳೀತು ಅನ್ನುವ ಲೆಕ್ಕ ಇದೆಯಲ್ಲ, ಅದರಲ್ಲಿ ಮೀನು ಬದುಕಿದರೂ ಲಾಭ, ಸತ್ತರೂ ಲಾಭ. ಹೀಗಾಗಿ ಯಾಕೆ ಸತ್ತಿತು ಅಂತ ಕೇಳುವವರೇ ಇಲ್ಲ. ಎರಡಡಿ ತೊಟ್ಟಿಗೆ ಒಂಬತ್ತು ಗೋಲ್ಡ್ ಫಿಶ್ ಹಾಕುವುದು ಅಂದರೆ ದುಗ್ಗಮ್ಮನ ಜಾತ್ರೆಗೆ ಒಂದೇ ಶೌಚಾಲಯ ಕಟ್ಟಿದ ಹಾಗೆ. ದೃಷ್ಟಿ ಬೇರೆ ಬೇಕಾ?

ಮೀನು ತಿಂದ ಕಾಳಿನಲ್ಲಿರುವ ಪ್ರೋಟೀನಿನಿಂದ ಅಮೋನಿಯಾ ಹುಟ್ಟುತ್ತದೆ. ಅದರ ಬಹುಪಾಲು ಕಿವಿರುಗಳಿಂದಲೇ ಸೀದಾ ನೀರಿಗೆ ಹೋಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟೇನೂ ತೊಂದರೆ ಕೊಡುವುದಿಲ್ಲ, ಗಿಡಗಳಿಗಂತೂ ಗೊಬ್ಬರ.

ಇದನ್ನು ಕಣ್ಣಿಗೆ ಕಟ್ಟಿದ ಹಾಗೆ ನೋಡಬೇಕಾದರೆ ಒಂದು ಭಾನುವಾರ ಚಿತ್ರದುರ್ಗದ ಕೋಟೆ ಹತ್ತಿ ಬನ್ನಿ. ಅಲ್ಲಿನ ಹೊಂಡಗಳನ್ನು ಒಂದಕ್ಕೊಂದು ಕೂಡಿಸಿ ಕಟ್ಟಿದ್ದಾರೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಆಮೇಲೆ ಅದಕ್ಕೂ ಕೆಳಗಿನ ಹೊಂಡಗಳಿಗೆ. ಮೇಲಿನದು ತುಂಬದೆ ಕೆಳಗಿನದಕ್ಕೆ ಹನಿಯೂ ಇಲ್ಲ. ಹೊಸ ತೊಟ್ಟಿಯಲ್ಲೂ ಹೀಗೇ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವ ಹೊತ್ತಿಗೆ ನೈಟ್ರೈಟ್ ಏರುತ್ತದೆ. ಅದೂ ಇಳಿದು ನೈಟ್ರೇಟ್ ಕಾಣಿಸಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿ ನೋಡಲು ಚೆಂದ ಇದ್ದರೂ ಒಳಗೆ ವಾಸಕ್ಕೆ ಯೋಗ್ಯವಲ್ಲ.

ಹೊಂಡ ಸಾಲದು ಅನ್ನುವವರು ನಮ್ಮೂರ ಹಳೇ ಹತ್ತಿ ಮಿಲ್ಲು ನೆನೆಸಿಕೊಳ್ಳಿ. ನೂಲುವವರು ನೂತರೆ ತಾನೆ ನೇಯುವವರಿಗೆ ಕೆಲಸ? ನೂಲುವವರು ರಜೆ ಹಾಕಿದರೆ ಹತ್ತಿ ಬಾಗಿಲವರೆಗೂ ರಾಶಿ ಬೀಳುತ್ತದೆ. ಅತ್ತಿಗೆ ಹಬ್ಬದ ನೆಪದಲ್ಲಿ ಎರಡೂ ಖಾತೆಯವರನ್ನು ಒಟ್ಟಿಗೆ ಮನೆಗೆ ಕಳಿಸಿದ್ದರು. ಹತ್ತಿ ಮಾತ್ರ ಬರುತ್ತಲೇ ಇತ್ತು.

ಇನ್ನೂ ಹತ್ತಿರದ್ದು ಬೇಕಂದ್ರೆ ಹೆಪ್ಪು. ಮೊಸರಿನ ಪಾತ್ರೆಯನ್ನು ದಿನಾ ತಿಕ್ಕಿ ತೊಳೆಯಿರಿ, ಪರವಾಗಿಲ್ಲ, ಒಂದು ಚಮಚ ಹೆಪ್ಪು ಎತ್ತಿಟ್ಟರೆ ಸಾಕು. ಆದರೆ ಮೊಸರಿನ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಪಾತ್ರೆ ತುಂಬುತ್ತದೆ. ತೊಟ್ಟಿಯವು ಸೋಮಾರಿಗಳು. ಒಂದು ಎರಡಾಗಲು ಹತ್ತಾರು ಗಂಟೆ ತೆಗೆದುಕೊಳ್ಳುತ್ತವೆ. ಅದಕ್ಕೇ ವಾರಗಟ್ಟಲೆ ಕಾಯುವುದು.

ಇದನ್ನೆಲ್ಲಾ ಕಂಡುಹಿಡಿದ ಕಥೆಯಲ್ಲಿ ಒಂದು ಅಪ್ಪ-ಮಗನ ಜೋಡಿ ಇದೆ. ಅದನ್ನು ಹೇಳದೆ ನನಗೆ ಮುಂದೆ ಹೋಗಲು ಆಗುವುದಿಲ್ಲ. ಅಪ್ಪ, ಮಗ ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್. ಅಪ್ಪ ಲಂಡನ್ನಿನ ರಸಾಯನಶಾಸ್ತ್ರಜ್ಞ. 12 ಗ್ಯಾಲನ್, ಅಂದರೆ ಸುಮಾರು 55 ಲೀಟರ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಮರಳು, ಮಣ್ಣು ಹಾಕಿ, ನೀರೊಳಗೇ ಬೆಳೆಯುವ ಉದ್ದ ಎಲೆಯ ಒಂದು ವ್ಯಾಲಿಸ್ನೇರಿಯಾ ಗಿಡ ನೆಟ್ಟು, ಎರಡು ಗೋಲ್ಡ್ ಫಿಶ್ ಬಿಟ್ಟ. ಎಲೆ ಕೊಳೆತು ನೀರು ಕೆಟ್ಟಿತು. ಕೊಳದ ಬಸವನಹುಳುಗಳನ್ನು ತಂದು ಹಾಕಿದ. ಅವು ಕೊಳೆತದ್ದನ್ನೆಲ್ಲಾ ತಿಂದು ನೀರು ತಿಳಿ ಮಾಡಿದವು. ಗಿಡ, ಮೀನು, ಹುಳು ಮೂರೂ ಕೂಡಿ ನೀರು ಬದಲಿಸದೆ ಬದುಕಬಲ್ಲವು ಅಂತ 1850ರಲ್ಲಿ ಬರೆದ. ಮನೆಯೊಳಗಿನ ಅಕ್ವೇರಿಯಂ ಹುಚ್ಚು ಇಂಗ್ಲೆಂಡಿನಲ್ಲಿ ಹಬ್ಬಿದ್ದು ಅದಾದ ಮೇಲೆ. ಆದರೆ ಆ ತೊಟ್ಟಿಯಲ್ಲಿ ದುಡಿಯುತ್ತಿದ್ದ ನಾಲ್ಕನೆಯವರು ಅವನ ಲೆಕ್ಕದಲ್ಲೇ ಇರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಜ್ ಚರಂಡಿ ನೀರನ್ನು ಮರಳು ತುಂಬಿದ ಉದ್ದ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಮಾಯವಾಗಿ ಕೆಳಗೆ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರಂ ಹಾಯಿಸಿದರು, ಕೆಲಸ ನಿಂತಿತು. ತೋಟದ ಮಣ್ಣು ಕಲಸಿದ ನೀರು ಒಂದಿಷ್ಟು ಹಾಕಿದರು, ಮತ್ತೆ ಶುರುವಾಯಿತು. ಬರೀ ರಸಾಯನ ಕ್ರಿಯೆಯಾಗಿದ್ದರೆ ಕ್ಲೋರೋಫಾರಂಗೆ ಹೆದರುವುದೇಕೆ? ಒಳಗೆ ಜೀವ ಇತ್ತು. ಅತ್ತಿಗೆಯ ತಾರಸಿ ಬಿಸಿಲು ಮಾಡಿದ್ದೂ ಆ ಕ್ಲೋರೋಫಾರಂ ಕೆಲಸವನ್ನೇ.

ಇದನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಮತ್ತೆ ಮಾಡಿ ನೋಡಿ, ಕೆಲಸ ಎರಡು ಹಂತದಲ್ಲಿ ಆಗುತ್ತದೆ, ಎರಡಕ್ಕೂ ಬೇರೆ ಬೇರೆ ಜೀವಿಗಳಿವೆ ಅಂತ ತೋರಿಸಿದವನು ಮಗ ವಾರಿಂಗ್ಟನ್. ಅಪ್ಪ ಕಟ್ಟಿದ ತೊಟ್ಟಿ ಯಾಕೆ ಬದುಕಿತು ಅನ್ನುವುದಕ್ಕೆ ಮಗ ಉತ್ತರ ಕೊಟ್ಟ! ಆದರೆ ಆ ಜೀವಿಗಳನ್ನು ಬೇರ್ಪಡಿಸಲು ಅವನಿಗೂ ಆಗಲಿಲ್ಲ. 1890ರಲ್ಲಿ ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅದನ್ನು ಸಾಧಿಸಿದ. ಬ್ಯಾಕ್ಟೀರಿಯಾ ಬೆಳೆಸಲು ಎಲ್ಲರೂ ಬಳಸುತ್ತಿದ್ದ ಜೆಲಾಟಿನ್ ಊಟ ಇವಕ್ಕೆ ಒಗ್ಗುವುದಿಲ್ಲ, ಇವು ಅಮೋನಿಯಾದಿಂದಲೇ ಶಕ್ತಿ ಪಡೆಯುತ್ತವೆ ಅಂತ ಅವನಿಗೆ ಹೊಳೆದಿತ್ತು.

ಸರಿ, ಈ ಸೋಮಾರಿಗಳಿಗೆ ಮನೆ ಕಟ್ಟಬೇಕು. ಫಿಲ್ಟರ್ ಅಂದರೆ ಕಸ ಸೋಸುವ ಜರಡಿ ಅಂತ ತಿಳಿದವರೇ ಜಾಸ್ತಿ. ಕಸ ಸೋಸುವುದು ಅದರ ಉಪಕಸುಬು. ಒಂದು ಕೈಯಲ್ಲಿ ನುಣುಪಾದ ಹೊಳೆಗಲ್ಲು, ಇನ್ನೊಂದು ಕೈಯಲ್ಲಿ ಒಂದು ಹಿಡಿ ಮಂಡಕ್ಕಿ ತಗೊಳ್ಳಿ. ಒಂದು ಮಂಡಕ್ಕಿ ಮುರಿದು ಬೆಳಕಿಗೆ ಹಿಡಿಯಿರಿ. ಒಳಗೆಲ್ಲಾ ಗೂಡು, ಗೂಡಿನೊಳಗೆ ಗೂಡು. ಬ್ಯಾಕ್ಟೀರಿಯಾಗೆ ಬೇಕಾಗಿದ್ದು ಅಂಟಿಕೊಳ್ಳಲು ಇಂಥ ಜಾಗ. ಮಂಡಕ್ಕಿ ನೀರಿಗೆ ಹಾಕಲಾಗದು, ಅದಕ್ಕೇ ಚೆನ್ನಾಗಿ ಸುಟ್ಟ ಇಟ್ಟಿಗೆ ಚೂರು ಅಥವಾ ಒಡೆದ ಮಡಕೆ ಚೂರು ತಗೊಳ್ಳಿ. ಅಂಗಡಿಯಲ್ಲಿ ಚೆಂದದ ಡಬ್ಬಿಯಲ್ಲಿ ಮಾರುವ ಪಿಂಗಾಣಿ ಉಂಗುರಗಳ ಬಡ ನೆಂಟ ಇದು, ಕೆಲಸ ಮಾತ್ರ ಅದೇ.

ಒಂದು ಲೀಟರ್ ಬಾಟಲಿಯ ಮೈಗೆ ಕಾಯಿಸಿದ ಸೂಜಿಯಿಂದ ತೂತು ಮಾಡಿ. ಒಳಗೆ ಚೂರು ತುಂಬಿ, ಮೇಲೆ ಒಂದು ತುಂಡು ಸ್ಪಂಜು ಇಡಿ. ಬಾಯಿಯಿಂದ ತಳದವರೆಗೆ ಅರ್ಧ ಇಂಚಿನ ಪೈಪ್ ಇಳಿಸಿ, ಅದರ ಬುಡಕ್ಕೆ ಏರ್ ಪಂಪಿನ ಸಣ್ಣ ಟ್ಯೂಬ್ ಕೊಡಿ. ಮೋಟರ್ ಇಲ್ಲದೆ ನೀರು ಹೇಗೆ ಏರುತ್ತದೆ ಅಂತೀರಾ? ಹೊಸ ಬೋರ್ ಕೊರೆದ ಮೇಲೆ ಫ್ಲಶಿಂಗ್ ಮಾಡುವುದನ್ನು ನಮ್ಮ ಕಡೆ ನೋಡದವರಿಲ್ಲ. ಕಂಪ್ರೆಸರ್ ಗಾಳಿ ಒಳಗೆ, ಕೆಸರು ನೀರು ಆಕಾಶಕ್ಕೆ. ಇಲ್ಲಿ ಆ ಒತ್ತಡವೂ ಬೇಡ. ಪೈಪಿನೊಳಗಿನ ಗುಳ್ಳೆ ಬೆರೆತ ನೀರು ಹಗುರ, ಹೊರಗಿನದು ಭಾರ. ಭಾರದ್ದು ತೂತುಗಳಿಂದ ನುಗ್ಗಿ ಹಗುರದ್ದನ್ನು ಮೇಲಕ್ಕೆ ತಳ್ಳುತ್ತದೆ. ದಾರಿಯಲ್ಲಿ ಇಟ್ಟಿಗೆ ಚೂರುಗಳನ್ನು ಸವರಿಕೊಂಡೇ ಹೋಗಬೇಕು.

ತೊಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಜಿನ ಅಂಗಡಿಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರಕ್ಕೆ ಕತ್ತರಿಸಿಕೊಡುತ್ತಾರೆ. ಬೂಷ್ಟು ತಡೆಯುವ ಔಷಧಿ ಬೆರೆಸದ ಸಿಲಿಕೋನ್ ಹಚ್ಚಿ, ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ. ಅಪ್ಪ ವಾರಿಂಗ್ಟನ್ ಪಾತ್ರೆಯ ಅಳತೆಯೂ ಹೆಚ್ಚುಕಮ್ಮಿ ಇಷ್ಟೇ.

ತಳಕ್ಕೆ ಒಂದಿಂಚು ಜರಡಿ ಹಿಡಿದ ಕೆಮ್ಮಣ್ಣು, ಮೇಲೆ ಒಂದೂವರೆ ಇಂಚು ತೊಳೆದ ಮರಳು. ಕೆಮ್ಮಣ್ಣಿನ ಕೆಂಪೇ ಕಬ್ಬಿಣದ್ದು, ಗಿಡಗಳಿಗೆ ಬೇಕಾದ್ದು. ಎರೆಮಣ್ಣು ಬೇಡವೇ ಬೇಡ, ಒಂದು ಸಲ ಕದಡಿದರೆ ವಾರವಾದರೂ ನೀರು ತಿಳಿಯಾಗುವುದಿಲ್ಲ. ಗೊಬ್ಬರ, ಔಷಧಿ ಹೊಡೆದ ಹೊಲದ ಮಣ್ಣೂ ಬೇಡ. ಮಣ್ಣು ದಪ್ಪ ಹಾಕಿದರೆ ಕೆಳಗೆ ಗಾಳಿ ಆಡದೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ದೀಪಕ್ಕೆ 9 ವ್ಯಾಟಿನ ಎರಡು ಬಿಳಿ ಎಲ್ಇಡಿ ಬಲ್ಬು, ದಿನಕ್ಕೆ ಏಳು ಗಂಟೆ. ಜಾಸ್ತಿ ಹೊತ್ತು ಉರಿಸಿದರೆ ಗಿಡಕ್ಕಿಂತ ಮೊದಲು ಪಾಚಿ ಖುಷಿಪಡುತ್ತದೆ.

ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಕೊಡಬೇಕು ಅಂತ ನಾನೂ ಒಂದು ಕಾಲಕ್ಕೆ ಹಟ ಹಿಡಿದಿದ್ದೆ. ಎರಡು ಲೀಟರ್ ಬಾಟಲಿಗೆ ಸಕ್ಕರೆ ನೀರು, ಬೇಕರಿಯಿಂದ ತಂದ ಕಾಲು ಚಮಚ ಈಸ್ಟ್. ಮೆಡಿಕಲ್ ಶಾಪಿನ ಡ್ರಿಪ್ ಸೆಟ್ ಟ್ಯೂಬಿನಲ್ಲಿ ಅನಿಲ ಹನಿಹನಿಯಾಗಿ ತೊಟ್ಟಿಗೆ. ರಾತ್ರಿ ಗಿಡ ಅನಿಲ ಬಳಸುವುದಿಲ್ಲವಲ್ಲ, ಸುಮ್ನೆ ಯಾಕೆ ಹಾಳು ಅಂತ ಡ್ರಿಪ್ಪಿನ ಚಕ್ರ ತಿರುಗಿಸಿ ಬಂದ್ ಮಾಡಿ ಮಲಗಿದೆ. ಈಸ್ಟಿಗೆ ಹಗಲು ರಾತ್ರಿ ಒಂದೇ ಅನ್ನುವುದು ಮರೆತಿದ್ದೆ. ಎರಡು ಗಂಟೆಗೆ ಢಮಾರ್! ಗೋಡೆ, ಫ್ಯಾನು, ಕ್ಯಾಲೆಂಡರು ಎಲ್ಲದರ ಮೇಲೂ ಹುಳಿ ಹೆಂಡದ ವಾಸನೆಯ ಅಂಟು. ಅವ್ವ ಎದ್ದು ಬಂದು ಮೊದಲು ಮೂಸಿದ್ದು ನನ್ನ ಬಾಯಿ.

ಅದಾದ ಮೇಲೆ ಗೊತ್ತಾಗಿದ್ದು, ನಮ್ಮ ಬೋರಿನ ನೀರಿಗೆ ಈ ಸರ್ಕಸ್ಸೇ ಬೇಡ ಅಂತ. ಇಲ್ಲಿನ ಗಡಸು ನೀರಿನಲ್ಲಿ ಬೈಕಾರ್ಬನೇಟ್ ತುಂಬಿದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಅದರಿಂದಲೇ ಕಾರ್ಬನ್ ಕಿತ್ತುಕೊಳ್ಳಬಲ್ಲವು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹಳೇ ಎಲೆಯೊಂದನ್ನು ಎರಡು ಬೆರಳ ನಡುವೆ ಎಳೆದು ನೋಡಿ. ಸಣ್ಣ ರವೆ ಸವರಿದ ಹಾಗೆ ತರಿತರಿ. ಕಾರ್ಬನ್ ಕಿತ್ತುಕೊಂಡ ಮೇಲೆ ಎಲೆಯ ಮೇಲೆ ಉಳಿದ ಸುಣ್ಣ ಅದು. ಬಿಸಿನೀರಿನ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ ಬಿಳಿ. ಈ ಹೈಡ್ರಿಲ್ಲಾ ನಮ್ಮ ಕೆರೆ, ಕಾಲುವೆಗಳಲ್ಲಿ ಪುಕ್ಕಟೆ ಸಿಗುತ್ತದೆ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಜೊತೆ ಅಮೆರಿಕದ ಫ್ಲಾರಿಡಾ ಸೇರಿ, ಅಲ್ಲಿನ ಕೆರೆಗಳನ್ನೆಲ್ಲಾ ನುಂಗಿ ಕೂತಿದೆ. ಅದಕ್ಕೇ ತೊಟ್ಟಿಯ ಗಿಡವನ್ನಾಗಲಿ ಮೀನನ್ನಾಗಲಿ ಕೆರೆಗೆ ಬಿಡಬೇಡಿ.

ಗಡಸು ನೀರಿಗೆ ಒಂದು ಕೆಟ್ಟ ಗುಣವೂ ಇದೆ. ಅದರ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಸಾಮಾನ್ಯವಾಗಿ ಮೇಲೇ ಇರುತ್ತದೆ. ಅದು 7 ಇದ್ದದ್ದು 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಮಲೆನಾಡಿನ ಮೆತ್ತನೆ ನೀರಿನಲ್ಲಿ ಕ್ಷಮಿಸಬಹುದಾದ ತಪ್ಪಿಗೆ ನಮ್ಮಲ್ಲಿ ಕ್ಷಮೆ ಇಲ್ಲ. ಅತ್ತಿಗೆಯ ಮನೆಯದೂ ಬೋರಿನ ನೀರೇ.

ಆವತ್ತು ಸಂಜೆ ಅವರ ಮನೆಗೆ ಹೋಗುವಾಗ ಒಂದು ಚೊಂಬಿನಲ್ಲಿ ನನ್ನ ತೊಟ್ಟಿಯ ನೀರು, ಅದರಲ್ಲಿ ನನ್ನ ಹಳೇ ಸ್ಪಂಜಿನ ಅರ್ಧ ತುಂಡು ತಗೊಂಡು ಹೋದೆ. ಅವರ ಫಿಲ್ಟರಿನ ಮೇಲೆ ಸ್ಪಂಜು ಹಿಂಡಿದೆ. ಕಾಫಿ ಬಣ್ಣದ ನೀರು ಇಳಿಯಿತು.

"ಥೂ, ಈ ಹೊಲಸು ಹಾಕ್ತೀಯೇನೋ?"

"ಹೆಪ್ಪು ಅತ್ತಿಗೆ, ಹೆಪ್ಪು."

ಈಗ ಅವರು ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ತೆಗೆಯುತ್ತಾರೆ. ಸ್ಪಂಜನ್ನು ಆ ತೆಗೆದ ನೀರಲ್ಲೇ ಎರಡು ಸಲ ಹಿಂಡಿ ವಾಪಸ್ ಇಡುತ್ತಾರೆ. ಪಾಲಿಕೆಯ ನಲ್ಲಿ ನೀರು ತಾಗಿಸುವುದಿಲ್ಲ, ಅದರಲ್ಲಿ ಕ್ಲೋರಿನ್ ಇರುತ್ತದೆ. ಹಿಂಡಿದ ನೀರು ಕರಿಬೇವಿನ ಗಿಡಕ್ಕೆ. ಗೋಲ್ಡ್ ಫಿಶ್ ಬದಲು ಆರು ಗಪ್ಪಿ ಇವೆ, ಗಡಸು ನೀರು ಅವಕ್ಕೆ ಇಷ್ಟ.

ಬೇಸಿಗೆಗೆ ಹಳೇ ಕಂಪ್ಯೂಟರಿನ ಸಣ್ಣ ಫ್ಯಾನು ತೊಟ್ಟಿಯ ಮೇಲೆ ಕಟ್ಟಿಕೊಟ್ಟಿದ್ದೇನೆ. ಮಡಕೆ ನೀರು ತಂಪಾಗುವ ಉಪಾಯವೇ ಇದು, ನೀರು ಆವಿಯಾಗುತ್ತಾ ಶಾಖ ಹೊತ್ತೊಯ್ಯುತ್ತದೆ. ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಒಣ ಗಾಳಿಯಲ್ಲಿ ಇದು ಮಂಗಳೂರಿಗಿಂತ ಚೆನ್ನಾಗಿ ನಡೆಯುತ್ತದೆ. ಆದರೆ ಹಾರುವುದು ಬರೀ ನೀರು, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೂ ಬೋರಿನ ನೀರೇ ತುಂಬಿದರೆ ವಾರದಿಂದ ವಾರಕ್ಕೆ ಗಡಸು ಏರುತ್ತಲೇ ಹೋಗುತ್ತದೆ. ಅಷ್ಟಕ್ಕೆ ಮಾತ್ರ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ನೀರು ಹಾಕಿ ಅಂದೆ.

"ಮೀನಿಗೂ ಫಿಲ್ಟರ್ ನೀರೇನೋ?" ಅಂದರು ಅತ್ತಿಗೆ. ಆದರೆ ಮೊನ್ನೆ ಹೋದಾಗ ನೋಡಿದೆ, ಟಿವಿ ಪಕ್ಕದ ಬಟ್ಟಲಲ್ಲಿ ಐದು ರೂಪಾಯಿ ಕಾಯಿನ್ನುಗಳನ್ನು ಬೇರೆಯಾಗಿ ಎತ್ತಿಟ್ಟಿದ್ದಾರೆ.