ಬ್ಯಾಡಗಿ ಮೆಣಸಿನಕಾಯಿ: ಜವಾರಿ ಬೀಜ ಆರಿಸಬೇಕಾದ್ದು ಗಿಡದಲ್ಲಿ, ರಾಶಿಯಲ್ಲಲ್ಲ

ಹಾವೇರಿ, ಕುಂದಗೋಳ ಕಡೆಯ ಎರಿ ಹೊಲಗಳಲ್ಲಿ ಜವಾರಿ ಬ್ಯಾಡಗಿಯ ಸಾಲು ಹಿಡಿದು ನಡೆದರೆ ಗಿಡದಿಂದ ಗಿಡಕ್ಕೆ ಏನಾದರೊಂದು ವ್ಯತ್ಯಾಸ ಕಾಣುತ್ತದೆ. ಒಂದರ ಕಾಯಿ ಉದ್ದ, ತೆಳು, ಮೈತುಂಬ ಸುಕ್ಕು, ಅದು ಕಡ್ಡಿ. ಇನ್ನೊಂದರದು ಗಿಡ್ಡ, ದಪ್ಪ, ಅದು ಡಬ್ಬಿ. ಒಂದು ಗಿಡ ಎಲೆ ಮುದುಡಿಸುವ ಮುಟುರು ರೋಗಕ್ಕೆ ಸೋತರೆ ಪಕ್ಕದ್ದು ಹಸಿರಾಗಿಯೇ ನಿಂತಿರುತ್ತದೆ. ವ್ಯಾಪಾರಿಗೆ ಈ ಏರುಪೇರು ಕಿರಿಕಿರಿ; ತಳಿ ವಿಜ್ಞಾನಿಗೆ ಇದೇ ಬಂಡವಾಳ.

2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಗೆ ಬೆಲೆ ಬರುವುದು ಬಣ್ಣಕ್ಕೆ. ಸಿಪ್ಪೆಯ ಕ್ಯಾಪ್ಸಾಂಥಿನ್ ಕೆಂಪು ಕೊಡುತ್ತದೆ; ಖಾರದ ಕ್ಯಾಪ್ಸೈಸಿನ್ ಹುಟ್ಟುವುದು ಮುಖ್ಯವಾಗಿ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಈ ಜೋಡಿಯನ್ನು ಉಳಿಸಿಕೊಂಡೇ ರೋಗನಿರೋಧಕ ಗುಣ ಸೇರಿಸುವುದು ಕಷ್ಟದ ಕೆಲಸ. ಬೇರೆ ತಳಿಯೊಂದಿಗೆ ಸಂಕರ ಮಾಡಿದರೆ ಬೇಡದ ಗುಣಗಳೂ ಬರುತ್ತವೆ. ಆಗ ಸಂತತಿಯನ್ನು ಮತ್ತೆ ಮತ್ತೆ ಬ್ಯಾಡಗಿಗೇ ಕೂಡಿಸಬೇಕು. ಮೊದಲ ಮರುಸಂಕರದಲ್ಲಿ ಸರಾಸರಿ 75%, ಐದನೆಯದರಲ್ಲಿ ಸುಮಾರು 98% ಬ್ಯಾಡಗಿ ಅಂಶ ಮರಳುತ್ತದೆ. ಆದರೂ ನಿರೋಧಕ ಜೀನಿಗೆ ಒತ್ತಾಗಿ ಕುಳಿತ ಬೇಡದ ಜೀನುಗಳು ಸುಲಭಕ್ಕೆ ಬಿಡುವುದಿಲ್ಲ. ಅವುಗಳಿಂದ ಬೇರ್ಪಟ್ಟ ಗಿಡ ಸಿಗಬೇಕೆಂದರೆ ಪ್ರತಿ ಪೀಳಿಗೆಯಲ್ಲೂ ಹೆಚ್ಚು ಗಿಡ ಬೆಳೆಸಿ ನೋಡಬೇಕು.

ಇಷ್ಟೆಲ್ಲ ಮಾಡುವಾಗ ಮರಳಿ ಕೂಡಿಸುವ ಬ್ಯಾಡಗಿಯೇ ಕಲಬೆರಕೆಯಾಗಿದ್ದರೆ? ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಚ್ಚಬಲ್ಲದು, ಆದರೆ ಜೇನು ಪಕ್ಕದ ಹೊಲದ ಪರಾಗವನ್ನೂ ತರುತ್ತದೆ. ರೈತರಿಗೆ ಮಾರುವ ಪ್ರಮಾಣಿತ ಬೀಜಕ್ಕೆ 200 ಮೀಟರ್, ಅದನ್ನು ಬೆಳೆಸಲು ಬಳಸುವ ಮೂಲ ಬೀಜಕ್ಕೆ 400 ಮೀಟರ್ ಅಂತರವನ್ನು ಬೇರೆ ಮೆಣಸಿನ ಹೊಲದಿಂದ ಕೇಳುವುದು ಇದಕ್ಕೇ. ಮೋಸ ಹೋಗುವುದು ಎಲ್ಲಿ ಅಂದರೆ, ಕಾಯಿಯ ಸಿಪ್ಪೆ, ತಿರುಳು ಎರಡೂ ತಾಯಿ ಗಿಡದ ಭಾಗ. ಈ ವರ್ಷದ ಕಾಯಿ ಅಪ್ಪಟ ಬ್ಯಾಡಗಿಯಂತೆಯೇ ಇರುತ್ತದೆ. ಬೆರಕೆ ಅಡಗಿರುವುದು ಬೀಜದೊಳಗೆ, ಬಯಲಾಗುವುದು ಮುಂದಿನ ವರ್ಷ.

ಕಣದ ರಾಶಿಯಿಂದ ಕೆಂಪನೆಯ ದೊಡ್ಡ ಕಾಯಿ ಆರಿಸಿ ಬೀಜಕ್ಕಿಡುವುದು ಹಳೆಯ ರೂಢಿ. ಆ ಕಾಯಿ ಬದುವಿನ ಪಕ್ಕ ಹೆಚ್ಚು ತೇವ ಉಂಡ ಗಿಡದ್ದೋ, ರೋಗ ತಡೆದ ಗಿಡದ್ದೋ ರಾಶಿಯಲ್ಲಿ ತಿಳಿಯದು. ಗಿಡ ನಿಂತಿರುವಾಗಲೇ ಅಂಚಿನ ಸಾಲು ಬಿಟ್ಟು, ಹೊಲದ ನಡುವೆ 50ರಿಂದ 100 ಒಳ್ಳೆಯ ಗಿಡಗಳಿಗೆ ಪಟ್ಟಿ ಕಟ್ಟಿ. ಬೇರೆ ಜಾತಿಯಂತೆ ಕಾಣುವ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತುಹಾಕಿ. ಗುರುತಿಟ್ಟ ಪ್ರತಿ ಗಿಡದಿಂದಲೂ ಸಮ ಸಂಖ್ಯೆಯಲ್ಲಿ ಕಾಯಿ ಬಿಡಿಸಿ. ಬರೀ ಐದಾರು ಗಿಡಗಳ ಬೀಜವನ್ನೇ ವರ್ಷವರ್ಷ ಹಾಕುತ್ತ ಹೋದರೆ ಜವಾರಿಯ ವೈವಿಧ್ಯ ಸದ್ದಿಲ್ಲದೆ ಸೋರಿಹೋಗುತ್ತದೆ. ಕೆಲವು ಗಿಡಗಳದ್ದಾದರೂ ಶುದ್ಧ ಬೀಜ ಬೇಕೆಂದರೆ ಮೊಗ್ಗು ಅರಳುವ ಮೊದಲು ತೆಳು ಬಟ್ಟೆಯ ಚೀಲ ಕಟ್ಟಿ, ಬೆಳಿಗ್ಗೆ ಟೊಂಗೆಯನ್ನು ಮೆಲ್ಲಗೆ ಅಲುಗಿಸಿದರೆ ಸಾಕು. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ತೊಟ್ಟಿಗೆ ದಾರ ಕಟ್ಟಿಡಿ.

ಕಪ್ಪು ಚುಕ್ಕೆಯ ಕಾಯಿ ಬೀಜಕ್ಕೆ ಬೇಡ; ಹಣ್ಣು ಕೊಳೆಯ ಶಿಲೀಂಧ್ರ ಬೀಜದ ಜೊತೆಗೇ ಸಾಗುತ್ತದೆ. ತೂಕಕ್ಕೆಂದೋ ಕಾಯಿ ಮುರಿಯದಿರಲೆಂದೋ ನೀರು ಚಿಮುಕಿಸಿದ್ದಂತೂ ಬೇಡವೇ ಬೇಡ, ಬೂಸ್ಟು ಹಿಡಿಯುತ್ತದೆ. ನೆರಳಿನಲ್ಲಿ ಒಣಗಿಸಿದ ಬೀಜವನ್ನು ಮಡಚಿ ನೋಡಿ. ಬಾಗಿದರೆ ಇನ್ನೂ ತೇವವಿದೆ. ಪಟ್ಟನೆ ಮುರಿದರೆ ಗಾಳಿಯಾಡದ ಡಬ್ಬಿಗೆ ತುಂಬಬಹುದು.